ಮೊಬೈಲೇ ಓದಿ ಹೇಳಿದರೆ ಮಗು ಓದೋದು ಯಾವಾಗ ಕಲಿಯುತ್ತೆ?

ಓದುಗರ ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ಇಂಗ್ಲಿಷ್ ಪಾಠ ಓದೋಕೆ ತುಂಬಾ ಒದ್ದಾಡುತ್ತಾಳೆ. ಅದೇ ಪಾಠವನ್ನು ನಾವು ಓದಿ ಹೇಳಿದರೆ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾಳೆ, ಪ್ರಶ್ನೆ ಕೇಳಿದರೆ ಉತ್ತರಾನೂ ಹೇಳುತ್ತಾಳೆ. ಪಾಠವನ್ನು ಗಟ್ಟಿಯಾಗಿ ಓದಿ ಹೇಳುವ ಆ್ಯಪ್ ಕೊಡಿ ಅಂತ ಅವಳ ಟೀಚರ್ ಹೇಳಿದ್ದಾರೆ. ಕೇಳಿಸಿಕೊಂಡೇ ರೂಢಿಯಾದರೆ ಸ್ವಂತ ಓದೋದನ್ನು ಬಿಟ್ಟೇಬಿಡುತ್ತಾಳೇನೋ ಅಂತ ಭಯ. ಏನು ಮಾಡಲಿ?

ಉತ್ತರ: ಧೈರ್ಯವಾಗಿ ಕೊಡಿ. ಆದರೆ ಎರಡು ವಿಷಯ ನೋಡಿಕೊಳ್ಳಿ. ದನಿ ಬರುವಾಗ ಅವಳ ಕಣ್ಣು ಪಾಠದ ಮೇಲೇ ಇರಬೇಕು. ಅಕ್ಷರ ಕೂಡಿಸಿ ಓದುವ ಕಲಿಕೆ ಬೇರೆಯಾಗಿ, ದಿನಾ ಸ್ವಲ್ಪ ಸ್ವಲ್ಪ ನಡೆಯುತ್ತಲೇ ಇರಬೇಕು. ಈ ಎರಡೂ ಇದ್ದರೆ ಆ್ಯಪ್‌ನಿಂದ ಓದು ಕೆಡುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲೇ ಒಂದು ಮುಖ್ಯ ಸುಳಿವು ಇದೆ. ಓದಿ ಹೇಳಿದರೆ ಅರ್ಥ ಆಗುತ್ತೆ ಅಂದಿರಿ, ಅಲ್ವಾ? ಹಾಗಾದರೆ ಅವಳಿಗೆ ಭಾಷೆ ಬರುತ್ತೆ. ಎಡವುತ್ತಿರುವುದು ಅಕ್ಷರದಿಂದ ಉಚ್ಚಾರಕ್ಕೆ ಹೋಗುವ ದಾರಿಯಲ್ಲಿ. ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಇದನ್ನು ತುಂಬಾ ಸರಳವಾಗಿ ವಿವರಿಸಿದರು. ಓದಿ ಅರ್ಥ ಮಾಡಿಕೊಳ್ಳೋದಕ್ಕೆ ಎರಡು ಶಕ್ತಿ ಬೇಕು. ಬರೆದ ಪದವನ್ನು ಬಿಡಿಸಿ ಓದುವುದು ಒಂದು, ಕೇಳಿದ ಭಾಷೆಯನ್ನು ಅರ್ಥ ಮಾಡಿಕೊಳ್ಳುವುದು ಇನ್ನೊಂದು. ಅವರ ಲೆಕ್ಕದಲ್ಲಿ ಇವೆರಡನ್ನೂ ಕೂಡಿಸೋದಲ್ಲ, ಗುಣಿಸೋದು. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟೇ ಜಾಸ್ತಿ ಇರಲಿ, ಉತ್ತರ ಸೊನ್ನೆ.

ಓದಿ ಹೇಳುವ ಸಾಫ್ಟ್‌ವೇರ್ ಮೊದಲನೆಯ ಭಾರವನ್ನು ಸ್ವಲ್ಪ ಹೊತ್ತು ತಾನು ಹೊತ್ತುಕೊಳ್ಳುತ್ತೆ. ಆಗ ಮಗುವಿನ ಗಮನ ಪೂರ್ತಿ ವಿಷಯದ ಕಡೆ ಹೋಗುತ್ತೆ. ಇಲ್ಲದಿದ್ದರೆ ಏನಾಗುತ್ತೆ ನೋಡಿ. ಒಂದು ವಾಕ್ಯದ ಏಳನೇ ಪದ ಬಿಡಿಸುವಷ್ಟರಲ್ಲಿ ಮೊದಲ ಮೂರು ಪದ ಮರೆತುಹೋಗಿರುತ್ತೆ. ಅರ್ಧ ಗಂಟೆ ಕೂತರೂ ವಿಜ್ಞಾನದ ಪಾಠದಲ್ಲಿ ಒಂದು ಪುಟ ಮುಗಿಯಲ್ಲ. ವರ್ಷ ಕಳೆಯೋ ಹೊತ್ತಿಗೆ ಓದು ಮಾತ್ರ ಅಲ್ಲ, ವಿಜ್ಞಾನ, ಚರಿತ್ರೆ, ಹೊಸ ಪದಗಳು, ಎಲ್ಲದರಲ್ಲೂ ಹಿಂದೆ ಬಿದ್ದಿರುತ್ತಾಳೆ. ನನಗೆ ನಿಜವಾಗಿ ಭಯ ಆಗೋದು ಇದು. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಬಿಡಿಸಿ ಓದುವುದೇ ಕಷ್ಟವಾಗುವ ತೊಂದರೆ, ಇರುವ ಎಷ್ಟೋ ಮಕ್ಕಳು ಬುದ್ಧಿ ಚುರುಕಾಗಿದ್ದೂ ಸೋಮಾರಿ ಅನ್ನಿಸಿಕೊಳ್ಳುವುದು ಹೀಗೇ.

ಇಂಗ್ಲಿಷನ್ನು ಹೊಸದಾಗಿ ಕಲಿಯುವವರ ಕಷ್ಟ ಸ್ವಲ್ಪ ಬೇರೆ. ಅವರು ತಮ್ಮ ಭಾಷೆಯನ್ನು ಸರಾಗವಾಗಿ ಓದುತ್ತಿರಬಹುದು. ಬರೆದ ಹಾಗೇ ಉಚ್ಚರಿಸುವ ಭಾಷೆಯಿಂದ ಬಂದವರಿಗೆ ಇಂಗ್ಲಿಷ್ ಸ್ಪೆಲಿಂಗ್ ದೊಡ್ಡ ತಲೆನೋವು. ಇರುವುದು 26 ಅಕ್ಷರ, ಉಚ್ಚಾರಗಳು ಸುಮಾರು 44. ಒ, ಯು, ಜಿ, ಎಚ್ ಎಂಬ ನಾಲ್ಕೇ ಅಕ್ಷರಗಳ ಗುಂಪು 'ರಫ್'ನಲ್ಲಿ ಒಂದು ಥರ, 'ಥ್ರೂ'ನಲ್ಲಿ ಇನ್ನೊಂದು ಥರ, 'ಥಾಟ್'ನಲ್ಲಿ ಮತ್ತೊಂದು ಥರ. ಕೇಳದೆ ಇದನ್ನು ಯಾರಾದರೂ ಹೇಗೆ ಊಹಿಸಬೇಕು? ದನಿ ಮತ್ತು ಅಕ್ಷರ ಒಟ್ಟಿಗೆ ಸಿಕ್ಕಾಗ ಕಿವಿಗೆ ಗೊತ್ತಿದ್ದ ಪದ ಕಣ್ಣಿಗೂ ಗೊತ್ತಾಗುತ್ತೆ. ಆದರೆ ಕಿವಿಗೇ ಗೊತ್ತಿಲ್ಲದ ಪದವನ್ನು ಎಷ್ಟು ಸ್ಪಷ್ಟವಾಗಿ ಓದಿ ಹೇಳಿದರೂ ಅರ್ಥ ಹೊಳೆಯಲ್ಲ. ಇಂಥವರಿಗೆ ದನಿಯ ಜೊತೆ ನಿಘಂಟೋ ಅನುವಾದವೋ ಇರುವ ಸಾಧನ ಬೇಕು.

ಈಗ ಬಳಸುವ ರೀತಿ. ಒಂದೇ ಒಂದು ಪ್ಯಾರಾ ತೆಗೆದುಕೊಳ್ಳಿ, ಎಂಟು ಹತ್ತು ಸಾಲು ಸಾಕು. ಮೊದಲ ಸಲ ಸುಮ್ನೆ ಪೂರ್ತಿ ಕೇಳಲಿ, ವಿಷಯ ಏನು ಅಂತ ತಿಳಿಯಲಿ. ಎರಡನೇ ಸಲ ಪದದ ಮೇಲೆ ಬಣ್ಣ ಓಡುವ ಸೌಲಭ್ಯ ಆನ್ ಮಾಡಿ. ಯಾವ ಪದ ಕೇಳಿಸುತ್ತಿದೆಯೋ ಅದೇ ಪದ ಹೊಳೆಯುತ್ತೆ. ಅದರ ಜೊತೆ ಬೆರಳೂ ಓಡಲಿ. ಮೂರನೇ ಸಲ ದನಿಯ ಜೊತೆ ಅವಳೂ ಬಾಯಿಬಿಟ್ಟು ಓದಲಿ. ಆಮೇಲೆ ದನಿ ಪೂರ್ತಿ ಬಂದ್ ಮಾಡಿ, ಅದೇ ಪ್ಯಾರಾ ಒಬ್ಬಳೇ ಓದಲಿ. ಎಲ್ಲಾದರೂ ನಿಂತರೆ ಆ ಪದವನ್ನು ಮಾತ್ರ ಮುಟ್ಟಿ ಕೇಳಲಿ, ಇಡೀ ವಾಕ್ಯವನ್ನಲ್ಲ. ಈ ಕೊನೆಯ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಓದು ಗಟ್ಟಿಯಾಗೋದು ಮಾತ್ರ ಅಲ್ಲೇ, ಆದ್ದರಿಂದ ಎಷ್ಟೇ ಆತುರ ಇದ್ದರೂ ಅದನ್ನು ಬಿಡಬೇಡಿ.

ಈ ಪದ್ಧತಿ ಹೊಸದೇನಲ್ಲ. ಓದು ಸರಾಗವಾಗದ ಮೂರನೇ ತರಗತಿಯ ಮಕ್ಕಳಿಗೆ ಟೇಪ್ ಮಾಡಿದ ಕಥೆಪುಸ್ತಕ ಕೊಟ್ಟು, ಪುಟ ನೋಡುತ್ತಾ ಮತ್ತೆ ಮತ್ತೆ ಕೇಳಿಸಿ, ಕೊನೆಗೆ ತಾವೇ ಸರಾಗವಾಗಿ ಓದುವ ಹಾಗೆ ಮಾಡಿದ್ದನ್ನು ಅಮೆರಿಕದ ಶಿಕ್ಷಣತಜ್ಞೆ ಕ್ಯಾರಲ್ ಚಾಮ್ಸ್ಕಿ 1976ರಲ್ಲೇ ಬರೆದಿದ್ದಾರೆ. ಅದೇ ವರ್ಷ ಅಮೆರಿಕದ ಸಂಶೋಧಕ ರೇ ಕರ್ಜ್‌ವೈಲ್ ಅಚ್ಚಾದ ಪುಟವನ್ನು ಸ್ಕ್ಯಾನ್ ಮಾಡಿ ಓದಿ ಹೇಳುವ ಯಂತ್ರವನ್ನು ಅಂಧರಿಗಾಗಿ ತಂದರು. ಇಂದು ಆ ಎರಡೂ ಕೆಲಸ ಕೈಯಲ್ಲಿರುವ ಫೋನಿನಲ್ಲೇ ಆಗುತ್ತೆ.

ಇದರಿಂದ ಎಷ್ಟು ಪ್ರಯೋಜನ? 2018ರಲ್ಲಿ ಸಾರಾ ವುಡ್ ಮತ್ತು ಸಂಗಡಿಗರು ಓದಿನ ತೊಂದರೆ ಇರುವ ಮಕ್ಕಳ ಬಗ್ಗೆ ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕಿದರು. ಓದಿ ಹೇಳುವ ಸಾಧನ ಇದ್ದಾಗ ಪಾಠ ಅರ್ಥವಾಗುವುದು ಸುಧಾರಿಸುತ್ತೆ ಅಂತ ಕಂಡಿತು. ಪವಾಡ ಏನಲ್ಲ, ಸಾಧಾರಣ ಮಟ್ಟದ ಸುಧಾರಣೆ. ಇನ್ನೊಂದು ಮಾತು ಗಮನಿಸಿ: ಇದು ಸಾಧನ ಜೊತೆಗಿದ್ದಾಗ ಅರ್ಥವಾಗುವುದರ ಲೆಕ್ಕ. ಅಕ್ಷರ ಬಿಡಿಸುವುದನ್ನು ಸಾಧನವೇ ಕಲಿಸಿಬಿಡುತ್ತೆ ಅಂತ ಇದರಿಂದ ತಿಳಿಯಬಾರದು. ಅದಕ್ಕೆ ಯಾವ ಅಕ್ಷರ ಗುಂಪಿಗೆ ಯಾವ ಉಚ್ಚಾರ ಅಂತ ಕ್ರಮವಾಗಿ ಹೇಳಿಕೊಡುವ ಒಬ್ಬ ಮನುಷ್ಯ ಬೇಕೇ ಬೇಕು.

ಚೆನ್ನಾಗಿ ಓದುವ ಮಕ್ಕಳಿಗೆ ಇದನ್ನು ಬಲವಂತ ಮಾಡಬೇಡಿ. ಇಂಗ್ಲಿಷ್ ಚೆನ್ನಾಗಿ ಬಲ್ಲ ದೊಡ್ಡವರು ಮನಸ್ಸಿನಲ್ಲೇ ಓದುವ ವೇಗ ನಿಮಿಷಕ್ಕೆ ಸುಮಾರು 240 ಪದ. ದನಿ ಸಾಮಾನ್ಯವಾಗಿ ಅದಕ್ಕಿಂತ ನಿಧಾನ. ಹಾಗಾಗಿ ಸರಾಗವಾಗಿ ಓದುವವರಿಗೆ ಅದು ಅಡ್ಡಿಯೇ ಆಗುತ್ತೆ.

ವೇಗದ ವಿಷಯದಲ್ಲಿ ಎಲ್ಲರೂ ಮಾಡುವ ಕೆಲಸ ಅಂದರೆ ತೀರಾ ನಿಧಾನಕ್ಕೆ ಇಡುವುದು. ಅರ್ಧ ವೇಗಕ್ಕೆ ಇಳಿಸಿದರೆ ಪದಗಳು ಎಳೆದಾಡಿ, ಇಂಗ್ಲಿಷಿನ ಏರಿಳಿತವೇ ಹೋಗಿಬಿಡುತ್ತೆ. ಮಾಮೂಲಿ ವೇಗಕ್ಕಿಂತ ಸ್ವಲ್ಪ ಕಡಿಮೆ, 0.8 ಅಥವಾ 0.9 ಇಟ್ಟು ಶುರುಮಾಡಿ. ಬೇಕಾದರೆ ವಾಕ್ಯಕ್ಕೊಂದು ಸಲ ನಿಲ್ಲಿಸಿ.

ದನಿ ತಪ್ಪೂ ಮಾಡುತ್ತೆ. 'ಓದು' ಅನ್ನುವ ಅರ್ಥದ 'ರೀಡ್', ಅದರ ಭೂತಕಾಲವಾದ 'ರೆಡ್' ಎರಡಕ್ಕೂ ಸ್ಪೆಲಿಂಗ್ ಒಂದೇ, ಸಂದರ್ಭ ನೋಡಿ ಯಾವುದು ಅಂತ ಸಾಫ್ಟ್‌ವೇರ್ ಊಹಿಸಬೇಕು. 2016ರಲ್ಲಿ ಗೂಗಲ್ ಬಳಗದ ಡೀಪ್‌ಮೈಂಡ್ ಕಂಪನಿಯ ದನಿ ತಂತ್ರಜ್ಞಾನ ವೇವ್‌ನೆಟ್ ಬಂದಮೇಲೆ ಮಿದುಳಿನ ನರಜಾಲವನ್ನು ಅನುಕರಿಸುವ ಕಂಪ್ಯೂಟರ್ ದನಿಗಳು ಮನುಷ್ಯರ ಹಾಗೇ ಕೇಳಿಸುತ್ತವೆ. ಆದರೂ ವ್ಯಕ್ತಿಗಳ, ಊರುಗಳ ಹೆಸರು ಬಂದರೆ ಈಗಲೂ ಎಡವುವುದುಂಟು. ಅನುಮಾನ ಬಂದ ಪದವನ್ನು ನಿಘಂಟಿನ ಉಚ್ಚಾರದಲ್ಲಿ ಒಮ್ಮೆ ಕೇಳಿಬಿಡಿ.

ದುಡ್ಡು ಕೊಟ್ಟು ಕೊಳ್ಳೋಕೆ ಮುಂಚೆ ಈಗಾಗಲೇ ಇರುವುದನ್ನು ನೋಡಿ. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್‌ನಲ್ಲಿ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿದರೆ ಪುಟವನ್ನು ಓದಲು ಶುರುಮಾಡುತ್ತೆ. ಅದರ ಇಮ್ಮರ್ಸಿವ್ ರೀಡರ್‌ನಲ್ಲಿ ಪದವನ್ನು ಉಚ್ಚಾರದ ತುಂಡುಗಳಾಗಿ ಒಡೆದು ತೋರಿಸುವುದು, ಒಂದೆರಡು ಸಾಲು ಬಿಟ್ಟು ಉಳಿದದ್ದನ್ನು ಮಸುಕು ಮಾಡುವುದು, ಅನುವಾದ, ಎಲ್ಲ ಉಚಿತ. ನಿಮ್ಮ ಮಗಳಿಗೆ ನಾನು ಮೊದಲು ಹೇಳೋದು ಇದನ್ನೇ. ಆಂಡ್ರಾಯ್ಡ್ ಫೋನಿನಲ್ಲಿ 'ಸೆಲೆಕ್ಟ್ ಟು ಸ್ಪೀಕ್', ಐಫೋನಿನಲ್ಲಿ 'ಸ್ಪೀಕ್ ಸ್ಕ್ರೀನ್' ಇದೆ. ಎರಡೂ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಭಾಗದಲ್ಲಿ ಸಿಗುತ್ತವೆ. ಟಾಕ್‌ಬ್ಯಾಕ್, ವಾಯ್ಸ್‌ಓವರ್ ಆನ್ ಮಾಡಬೇಡಿ. ಅವು ಕಣ್ಣು ಕಾಣದವರಿಗಾಗಿ ಮಾಡಿದವು. ಪ್ರತಿ ಬಟನ್ನನ್ನೂ ಓದುತ್ತವೆ, ಫೋನ್ ಬಳಸುವ ರೀತಿಯೇ ಬದಲಾಗಿಬಿಡುತ್ತೆ. ಪಿಡಿಎಫ್ ಹಾಕಿದಾಗ ದನಿ ಬರದಿದ್ದರೆ ಅದು ಬಹುಶಃ ಫೋಟೋ ತೆಗೆದ ಪುಟ. ಅಕ್ಷರ ಗುರುತಿಸುವ ಓಸಿಆರ್ ಸಾಧನದಲ್ಲಿ ಮೊದಲು ಹಾಯಿಸಬೇಕಾಗುತ್ತೆ.

ಮಗಳ ಹತ್ತಿರ ಒಂದು ಹೆಡ್‌ಫೋನ್ ಇರಲಿ. ಉಳಿದವರ ಮುಂದೆ ತನ್ನ ಪಾಠವನ್ನು ಯಂತ್ರ ಓದುತ್ತಿದೆ ಅನ್ನುವುದು ಹತ್ತು ವರ್ಷದ ಮಗುವಿಗೆ ಚಿಕ್ಕ ಸಂಗತಿಯಲ್ಲ.

ಪರೀಕ್ಷೆ ಬಗ್ಗೆ ಟೀಚರ್ ಹತ್ತಿರ ಮುಂಚೆಯೇ ಮಾತಾಡಿ. ಪರೀಕ್ಷಿಸುತ್ತಿರುವುದು ವಿಜ್ಞಾನವಾದರೆ ಪ್ರಶ್ನೆಯನ್ನು ದನಿಯಲ್ಲಿ ಕೇಳಿಸಿಕೊಳ್ಳುವುದು ನ್ಯಾಯವೇ. ಪರೀಕ್ಷಿಸುತ್ತಿರುವುದು ಓದುವ ಶಕ್ತಿಯನ್ನೇ ಆದರೆ ದನಿ ಬಳಸಿದ ಅಂಕಕ್ಕೆ ಅರ್ಥವಿಲ್ಲ.

ತಿಂಗಳಿಗೊಮ್ಮೆ, ಅವಳು ನೋಡಿರದ ಸುಲಭವಾದ ಒಂದು ಪುಟವನ್ನು ದನಿಯಿಲ್ಲದೆ ಒಂದು ನಿಮಿಷ ಓದಿಸಿ, ಸರಿಯಾಗಿ ಓದಿದ ಪದಗಳನ್ನು ಎಣಿಸಿ ಬರೆದಿಡಿ. ಸಂಖ್ಯೆ ನಿಧಾನವಾಗಿ ಏರುತ್ತಿದ್ದರೆ ಈಗಿನ ಹಾಗೇ ಮುಂದುವರಿಸಿ. ಮೂರು ನಾಲ್ಕು ತಿಂಗಳಾದರೂ ಅಲ್ಲೇ ನಿಂತಿದ್ದರೆ ಆ್ಯಪ್ ತೆಗೆಯಬೇಡಿ, ಅಕ್ಷರ ಕಲಿಕೆಯ ಸಮಯ ಜಾಸ್ತಿ ಮಾಡಿ. ಡಿಸ್ಲೆಕ್ಸಿಯಾ ತಪಾಸಣೆ ಇನ್ನೂ ಆಗಿಲ್ಲದಿದ್ದರೆ ಅದನ್ನೂ ಮಾಡಿಸಿ.