ಎಳೆದಷ್ಟೂ ಬರುವ ಪದಗಳು: ಡ್ರಾ, ಟಗ್, ಟೀಮ್

ಬ್ಯಾಂಕಿನಲ್ಲಿ ಹಣ ವಿತ್‌ಡ್ರಾ ಮಾಡುತ್ತೇವೆ, ಡಿ.ಡಿ. ತೆಗೆಸುತ್ತೇವೆ. ಮೇಜಿಗೆ ಡ್ರಾಯರ್ ಇರುತ್ತದೆ, ಮಕ್ಕಳಿಗೆ ಡ್ರಾಯಿಂಗ್ ಪುಸ್ತಕ ಬೇಕು. ಈ ಡ್ರಾ, ಡ್ರಾಫ್ಟ್, ಡ್ರಾಯರ್ ಎಲ್ಲ ಒಂದೇ ತಾಯಿಯ ಮಕ್ಕಳು. ತಾಯಿಯ ಹೆಸರು 'ದ್ರಾಗನ್'. ಹಳೆಯ ಇಂಗ್ಲಿಷಿನಲ್ಲಿ, ಅಂದರೆ ಸುಮಾರು ಕ್ರಿ.ಶ. 450ರಿಂದ 1150ರವರೆಗಿನ ಇಂಗ್ಲಿಷಿನಲ್ಲಿ, ಹಾಗೆಂದರೆ ಎಳೆಯುವುದು. ಬೆಂಕಿ ಉಗುಳುವ ಡ್ರ್ಯಾಗನ್‌ಗೂ ಇದಕ್ಕೂ ಸಂಬಂಧವಿಲ್ಲ, ಅದು ಗ್ರೀಕ್ ಮೂಲದ್ದು.

ದ್ರಾಗನ್‌ನ ಗಕಾರ ಕಾಲ ಕಳೆದಂತೆ ಮೆತ್ತಗಾಯಿತು. ಕಾನೂನು ಎಂಬ ಅರ್ಥದ ಹಳೆಯ 'ಲಗು' ಇಂದಿನ ಲಾ ಆಯಿತು, ಬಿಲ್ಲು ಎಂಬ ಅರ್ಥದ 'ಬೊಗ' ಬೋ ಆಯಿತು. ಹಾಗೆಯೇ ದ್ರಾಗನ್ ಡ್ರಾ ಆಯಿತು. ಮೂರರ ಕಾಗುಣಿತದಲ್ಲೂ ಕೊನೆಗೆ ಡಬ್ಲ್ಯೂ ಕೂತಿರುವುದು ಅದಕ್ಕೇ. ವೈಕಿಂಗರ ನಾರ್ಸ್ ಭಾಷೆಯಲ್ಲೂ ಇದೇ ಬೇರಿನ 'ದ್ರಾಗ' ಇತ್ತು, ಅಲ್ಲಿ ಗಕಾರ ಕರಗಲಿಲ್ಲ. ಇಂದಿನ ಡ್ರ್ಯಾಗ್‌ನಲ್ಲಿ ಗಕಾರ ಗಟ್ಟಿಯಾಗಿ ಉಳಿದಿದ್ದಕ್ಕೆ ನಾರ್ಸ್‌ನ ಕೈವಾಡ ಇದೆ ಅನ್ನುವವರು ಜಾಸ್ತಿ.

ಚಿತ್ರಕ್ಕೂ ಎಳೆಯುವುದಕ್ಕೂ ಏನು ನಂಟು? ಹಾಳೆಯ ಮೇಲೆ ಲೇಖನಿಯನ್ನು ಎಳೆದರೆ ತಾನೇ ಚಿತ್ರ! ನಾವೂ ಗೆರೆ 'ಎಳೆಯುತ್ತೇವೆ' ಅಲ್ವಾ? ಬಾವಿಯಿಂದ ನೀರು ಸೇದುವುದಕ್ಕೂ ಬೀಡಿ ಸೇದುವುದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ. ಇಂಗ್ಲಿಷಿನವರೂ ಈ ಎರಡು ಕಡೆ ಡ್ರಾ ಬಳಸುತ್ತಾರೆ.

ಡ್ರಾಫ್ಟ್ ಇನ್ನೂ ಓಡಾಡಿದ ಪದ. ಪೀಪಾಯಿಯಿಂದ ಎಳೆದು ತುಂಬಿಸಿದ ಬಿಯರು ಡ್ರಾಫ್ಟ್, ಬರೆದು ತಂದ ಕರಡು ಡ್ರಾಫ್ಟ್, ಸೈನ್ಯಕ್ಕೆ ಕಡ್ಡಾಯವಾಗಿ ಜನರನ್ನು ಸೆಳೆದರೆ ಅದೂ ಡ್ರಾಫ್ಟ್. ಕಿಟಕಿ ಸಂದಿಯಿಂದ ನುಗ್ಗುವ ಚಳಿಗಾಳಿ, ಹಡಗು ನೀರಿನೊಳಗೆ ಇಳಿಯುವ ಆಳ, ಇವಕ್ಕೂ ಅದೇ ಹೆಸರು.

ಡ್ರಾಯಿಂಗ್ ರೂಮಿಗೆ ಮಾತ್ರ ಚಿತ್ರಕಲೆಯ ನಂಟಿಲ್ಲ. 17ನೇ ಶತಮಾನದಲ್ಲಿ ಅದು ವಿತ್‌ಡ್ರಾಯಿಂಗ್ ರೂಮ್ ಆಗಿತ್ತು. ಊಟದ ಗದ್ದಲ ಬಿಟ್ಟು ಎದ್ದು ಹೋಗಿ ಕೂರುವ ಕೋಣೆ. ಆಡುಮಾತಿನಲ್ಲಿ ವಿತ್ ಉದುರಿಹೋಯಿತು. ಈ ವಿತ್‌ಗೆ ಹಳೆಯ ಅರ್ಥ ಜೊತೆ ಎಂದಲ್ಲ, ಎದುರು ಎಂದು. ಅದರಿಂದ ಹಿಂದಕ್ಕೆ, ಆಚೆಗೆ ಎಂಬ ಅರ್ಥವೂ ಬಂತು. ಬ್ಯಾಂಕಿನ ವಿತ್‌ಡ್ರಾದಲ್ಲಿ ಅದು ಇನ್ನೂ ಜೀವಂತ.

ನನಗೆ ಇದಕ್ಕಿಂತ ಇಷ್ಟವಾದ ಪದ ಇನ್ನೊಂದಿದೆ, ಅದು ಸತ್ತುಹೋಗಿದೆ. ಅದು ಹಳೆಯ ಇಂಗ್ಲಿಷಿನ 'ತೇಒನ್'. ಅದಕ್ಕೂ ಎಳೆಯುವುದು ಎಂದೇ ಅರ್ಥ. ರೂಪಗಳು ಮಾತ್ರ ಯಾರಿಗೂ ಸುಲಭವಾಗಿ ದಕ್ಕುವಂಥವಲ್ಲ: ಒಬ್ಬ ಎಳೆದರೆ 'ತೇಅಹ್', ಹಲವರು ಎಳೆದರೆ 'ತುಗೊನ್', ಎಳೆದದ್ದು 'ತೊಗೆನ್'. ಜರ್ಮನ್ನಿನಲ್ಲಿ ಇದೇ ಪದ 'ತ್ಸೀಹೆನ್' ಎಂದು ಇಂದಿಗೂ ದಿನಬಳಕೆಯಲ್ಲಿದೆ. ಇಂಗ್ಲಿಷಿನಲ್ಲಿ ಡ್ರಾ ಅದರ ಜಾಗಕ್ಕೆ ಬಂದು ಕೂತಿತು.

ಪದ ಹೋಯಿತು, ಸಂತಾನ ಉಳಿಯಿತು. ಹಗ್ಗಜಗ್ಗಾಟದ ಟಗ್, ಕೆಟ್ಟ ಕಾರನ್ನು ಎಳೆದೊಯ್ಯುವ ಟೋ, ಕಟ್ಟುವ ಟೈ, ಎಲ್ಲ ಇದೇ ಬೇರಿನವು. ಟೀಮ್ ಕೂಡ! ಹಳೆಯ 'ತೇಅಮ್' ಅಂದರೆ ಒಂದೇ ಸೂಲಿನ ಮರಿಗಳು, ವಂಶ, ಜೊತೆಗೆ ಒಂದೇ ನೊಗಕ್ಕೆ ಕಟ್ಟಿದ ಜಾನುವಾರು. ನಮ್ಮ ಜೋಡೆತ್ತು ಆಗಿನ ಲೆಕ್ಕದಲ್ಲಿ ಪಕ್ಕಾ ಟೀಮ್. ಒಟ್ಟಿಗೆ ದುಡಿಯುವ ಮನುಷ್ಯರಿಗೆ ಆ ಹೆಸರು ಬಂದಿದ್ದು 16ನೇ ಶತಮಾನದ ಹೊತ್ತಿಗೆ. ಅಮೆರಿಕದಲ್ಲಿ ಕುದುರೆ ಗಾಡಿ ಹೊಡೆಯುವವನನ್ನು ಟೀಮ್‌ಸ್ಟರ್ ಎನ್ನುತ್ತಿದ್ದರು. 1903ರಲ್ಲಿ ಹುಟ್ಟಿದ ಅವರ ಕಾರ್ಮಿಕ ಸಂಘಕ್ಕೆ ಈಗಲೂ ಅದೇ ಹೆಸರು. ಸದಸ್ಯರು ಲಾರಿ ಓಡಿಸಿದರೂ ಸಂಘದ ಲಾಂಛನದಲ್ಲಿ ಎರಡು ಕುದುರೆಗಳ ತಲೆ ಹಾಗೇ ಇವೆ.

ತೇಒನ್‌ಗೆ ಮಕ್ಕಳನ್ನು ಬೆಳೆಸುವುದು ಎಂಬ ಅರ್ಥವೂ ಇತ್ತು. 'ವಾನ್' ಅಂದರೆ ಕೊರತೆ. ಎರಡೂ ಸೇರಿ ವಾಂಟನ್ ಆಯಿತು, ಅಂದರೆ ಸರಿಯಾಗಿ ಬೆಳೆಸದ ಕೂಸು. ಆಮೇಲೆ ಅಂಕೆ ಮೀರಿದವರಿಗೆಲ್ಲ ಅದೇ ಬೈಗುಳ.

ಸೇನಾನಾಯಕನಿಗೆ ಹಳೆಯ ಇಂಗ್ಲಿಷರು 'ಹೆರೆತೊಗ' ಎನ್ನುತ್ತಿದ್ದರು. 'ಹೆರೆ' ಅಂದರೆ ಸೈನ್ಯ, 'ತೊಗ' ಅಂದರೆ ಎಳೆದೊಯ್ಯುವವನು. ಐದನೇ ಶತಮಾನದಲ್ಲಿ ಬ್ರಿಟನ್‌ಗೆ ಬಂದಿಳಿದರೆನ್ನಲಾದ ಹೆಂಗೆಸ್ಟ್ ಮತ್ತು ಹೋರ್ಸ ಸಹೋದರರನ್ನು ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಎಂಬ ಹಳೆಯ ಇಂಗ್ಲಿಷಿನ ಚರಿತ್ರೆಯ ದಾಖಲೆ ಈ ಪದದಿಂದಲೇ ಕರೆಯುತ್ತದೆ. ಮುನ್ನಡೆಸುವುದು ಎಂಬ ಅರ್ಥದ ಲ್ಯಾಟಿನ್ನಿನ 'ದೂಕೆರೆ' ತೇಒನ್‌ಗೆ ದಾಯಾದಿ. ಅದರಿಂದ ಬಂದದ್ದು ಡ್ಯೂಕ್ ಎಂಬ ದೊಡ್ಡ ಪದವಿ. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮಾತು ಆಸ್ಥಾನ ಹೊಕ್ಕಿತು, ಹೆರೆತೊಗ ಹೊರಟೇಹೋದ. ಡ್ಯೂಕ್‌ಗೆ ಅರಮನೆ ಸಿಕ್ಕಿತು, ಅದೇ ಬೇರಿನ ಟಗ್‌ಗೆ ಬಂದರಿನಲ್ಲಿ ಹಡಗು ಎಳೆಯುವ ಕೆಲಸ.

ಹಾಲ್, ಅಂದರೆ ಭಾರದ್ದನ್ನು ಜಗ್ಗಿ ಸಾಗಿಸುವುದು, ಕೇಳಲು ಅಚ್ಚ ಇಂಗ್ಲಿಷ್. ಆದರೆ ಅದು ಸುತ್ತು ಹಾಕಿ ಬಂದದ್ದು. ಇಂಗ್ಲಿಷ್, ಜರ್ಮನ್ ಸೇರಿದ ಜರ್ಮ್ಯಾನಿಕ್ ಬಳಗದ ಭಾಷೆಯಿಂದ ಹಳೆಯ ಫ್ರೆಂಚಿಗೆ ಹೋಗಿ 'ಹಾಲೇರ್' ಆಯಿತು, ಅಲ್ಲಿಂದ ಇಂಗ್ಲಿಷಿಗೆ ಬಂತು. ಹಾಯಿ ಏರಿಸುವ ಹಗ್ಗಕ್ಕೆ ನಾವಿಕರು ಹ್ಯಾಲ್ಯರ್ಡ್ ಎನ್ನುತ್ತಾರೆ. ಅದರೊಳಗಿನ ಹ್ಯಾಲ್ ಇದೇ. ಯಾರ್ಡ್, ಅಂದರೆ ಹಾಯಿ ಕಟ್ಟುವ ಅಡ್ಡಮರ, ಮಾತ್ರ ಆಮೇಲೆ ಅಂಟಿಕೊಂಡಿದ್ದು, ಮೊದಲು ಅದು 'ಹ್ಯಾಲಿಯರ್' ಆಗಿತ್ತು.