ರೇಡಾರ್: ಮರಳಿ ಬಂದ ಅಲೆಯಿಂದ ದೂರವನ್ನು ಅಳೆಯುವ ಬಗೆ

ರೇಡಿಯೊ ಅಲೆಗಳನ್ನು ಹೊರಸೂಸಿ, ಅವು ಯಾವುದಾದರೂ ವಸ್ತುವಿಗೆ ತಗುಲಿ ಪ್ರತಿಫಲಿಸಿ ಮರಳಿದಾಗ ಅವನ್ನು ಗ್ರಹಿಸಿ, ಆ ವಸ್ತು ಯಾವ ದಿಕ್ಕಿನಲ್ಲಿ, ಎಷ್ಟು ದೂರದಲ್ಲಿದೆ ಎಂಬುದನ್ನು ತಿಳಿಸುವ ಸಾಧನವೇ ರೇಡಾರ್. ಬೆಟ್ಟದೆದುರು ನಿಂತು ಕೂಗಿದವರು, ಪ್ರತಿಧ್ವನಿ ಕೇಳಿಬರಲು ಹಿಡಿದ ಸಮಯದಿಂದ ಬೆಟ್ಟದ ದೂರವನ್ನು ಅಂದಾಜು ಮಾಡಬಹುದು. ರೇಡಾರಿನ ತತ್ತ್ವವೂ ಅದೇ. ಆದರೆ ರೇಡಿಯೊ ಅಲೆಗಳ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಆದ್ದರಿಂದ ರೇಡಾರನ್ನು ಮೊದಲಿಗೆ ಅತಿ ಸೂಕ್ಷ್ಮವಾದ ಗಡಿಯಾರವೆಂದು ತಿಳಿಯುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಸಾಮಾನ್ಯ ಸ್ಪಂದ ರೇಡಾರಿನಲ್ಲಿ ಪ್ರೇಷಕವು ಅತ್ಯಲ್ಪ ಕಾಲ ಪ್ರಬಲವಾದ ಅಲೆಗಳನ್ನು ಹೊಮ್ಮಿಸಿ ಸುಮ್ಮನಾಗುತ್ತದೆ; ಹೀಗೆ ಹೊಮ್ಮಿದ ಅಲೆಗಳ ಒಂದು ಕಿರುಗುಚ್ಛವೇ ಸ್ಪಂದ. ಬಳಿಕ, ಹೆಚ್ಚಾಗಿ ಅದೇ ಆಂಟೆನಾದ ಮೂಲಕ, ಗ್ರಾಹಕವು ಮರಳುವ ಅಲೆಗಾಗಿ ಕಾಯುತ್ತದೆ. ಅಲೆಯು 1 ಮಿಲಿಸೆಕೆಂಡಿನಲ್ಲಿ ಹಿಂದಿರುಗಿತೆನ್ನಿ. ಅಷ್ಟರಲ್ಲಿ ಅದು 300 ಕಿಲೋಮೀಟರ್ ಸಾಗಿರುತ್ತದೆ. ಹೋಗಿಬರುವ ದಾರಿ ಸೇರಿರುವುದರಿಂದ ವಸ್ತುವಿನ ದೂರ ಅದರ ಅರ್ಧ, ಅಂದರೆ 150 ಕಿಲೋಮೀಟರ್. ಸೆಕೆಂಡಿಗೆ ಸಾವಿರ ಸ್ಪಂದಗಳನ್ನು ಕಳುಹಿಸುವ ರೇಡಾರಿಗೆ ಇದಕ್ಕಿಂತ ದೂರದ ವಸ್ತುವಿನ ಉತ್ತರವು ಮುಂದಿನ ಸ್ಪಂದ ಹೊರಟ ಮೇಲೆ ತಲುಪುವುದರಿಂದ, ಯಾವ ಉತ್ತರ ಯಾವ ಸ್ಪಂದದ್ದೆಂಬ ಗೊಂದಲ ಉಂಟಾಗುತ್ತದೆ.

ಮರಳುವ ಅಲೆ ಅತ್ಯಂತ ಕ್ಷೀಣವಾಗಿರುತ್ತದೆ. ಹೋಗುವಾಗಲೂ ಬರುವಾಗಲೂ ಅದು ಹರಡಿಕೊಳ್ಳುವುದರಿಂದ, ದೂರ ಇಮ್ಮಡಿಯಾದರೆ ಕೈಗೆ ಸಿಗುವ ಶಕ್ತಿ ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ 1940ರಲ್ಲಿ ರ‍್ಯಾಂಡಲ್ ಮತ್ತು ಬೂಟ್ ಎಂಬ ಭೌತವಿಜ್ಞಾನಿಗಳು ರೂಪಿಸಿದ ಕ್ಯಾವಿಟಿ ಮ್ಯಾಗ್ನೆಟ್ರಾನ್ ಎಂಬ, ರೇಡಿಯೊ ಅಲೆಗಳನ್ನು ಹುಟ್ಟಿಸುವ ನಿರ್ವಾತ ಕೊಳವೆ ಅಷ್ಟೊಂದು ಮಹತ್ವ ಪಡೆದದ್ದು ಇದೇ ಕಾರಣಕ್ಕೆ: ಸುಮಾರು 10 ಸೆಂಟಿಮೀಟರ್ ತರಂಗಾಂತರದ ಅಲೆಗಳನ್ನು ಅದು ಹಿಂದೆಂದೂ ಇಲ್ಲದ ಶಕ್ತಿಯಿಂದ ಹೊಮ್ಮಿಸಿತು. ತರಂಗಾಂತರ ಕಿರಿದಾದಷ್ಟೂ ಚಿಕ್ಕ ಆಂಟೆನಾದಿಂದಲೇ ಕಿರಿದಾದ ಕಿರಣಪುಂಜವನ್ನು ಪಡೆಯಬಹುದು. ಆಂಟೆನಾ ಮುಖ ಮಾಡಿದ ದಿಕ್ಕೇ ವಸ್ತುವಿನ ದಿಕ್ಕಾಗುವುದರಿಂದ, ಪುಂಜ ಕಿರಿದಾದಂತೆ ದಿಕ್ಕು ನಿಖರವಾಗುತ್ತದೆ.

ವೇಗವನ್ನು ತಿಳಿಯಲು ಡಾಪ್ಲರ್ ಪರಿಣಾಮ, ಅಂದರೆ ಚಲಿಸುವ ವಸ್ತುವಿಗೆ ತಗುಲಿ ಮರಳುವ ಅಲೆಯ ಆವೃತ್ತಿ ಬದಲಾಗುವ ವಿದ್ಯಮಾನ, ನೆರವಾಗುತ್ತದೆ. ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ನೇರವಾಗಿ ಎದುರು ಬರುವ ವಿಮಾನಕ್ಕೆ ತಗುಲಿದ 300 ಕೋಟಿ ಹರ್ಟ್ಸ್ ಆವೃತ್ತಿಯ ಅಲೆ, ಮರಳುವಾಗ ಸುಮಾರು 3000 ಹರ್ಟ್ಸ್‌ನಷ್ಟು ಹೆಚ್ಚಿನ ಆವೃತ್ತಿಯನ್ನು ಪಡೆದಿರುತ್ತದೆ. ಹತ್ತು ಲಕ್ಷದಲ್ಲಿ ಒಂದರಷ್ಟಿರುವ ಈ ವ್ಯತ್ಯಾಸವನ್ನು ಗುರುತಿಸುವುದರಿಂದಲೇ ಕದಲದ ಗುಡ್ಡ, ಕಟ್ಟಡಗಳ ನಡುವೆಯೂ ಚಲಿಸುವ ವಸ್ತುವನ್ನು ಬೇರ್ಪಡಿಸಲು ಸಾಧ್ಯವಾಗುತ್ತದೆ. ಆದರೆ ಈ ವಿಧಾನ ತಿಳಿಸುವುದು ರೇಡಾರಿನತ್ತ ಬರುವ ಅಥವಾ ಅದರಿಂದ ದೂರ ಸರಿಯುವ ವೇಗವನ್ನು ಮಾತ್ರ. ಅಡ್ಡಲಾಗಿ ಸಾಗುವ ವಿಮಾನದ ವೇಗವನ್ನು ತಿಳಿಯಬೇಕಾದರೆ, ಒಂದರ ನಂತರ ಒಂದರಂತೆ ದಾಖಲಾದ ಅದರ ಸ್ಥಾನಗಳನ್ನು ಹೋಲಿಸಿ ನೋಡಬೇಕಾಗುತ್ತದೆ.