ಸುಟ್ಟರೂ ಚಿಗುರುವ ಹುಲ್ಲು, ಬಿಡುವು ಸಿಕ್ಕರೆ ಮಾತ್ರ

ಲಾಸ್ ಏಂಜಲಿಸ್‌ನಿಂದ ಲಾಸ್ ವೇಗಸ್‌ಗೆ ಕಾರಿನಲ್ಲಿ ಹೋಗಿಬಂದ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ಆ ದಾರಿ ಹಾಯುವುದು ಮೊಹಾವಿ ಮರುಭೂಮಿಯ ಮೂಲಕ. ಕಿಟಕಿಯಿಂದ ನೋಡಿದರೆ ದೂರ ದೂರಕ್ಕೆ ಒಂದೊಂದು ಪೊದೆ, ನಡುವೆ ಬರೀ ಮಣ್ಣು. ಆ ಪೊದೆಗಳಲ್ಲಿ ಕೆಲವು ನಿಜಕ್ಕೂ ಪೊದೆಗಳಲ್ಲ, ಹುಲ್ಲು. ಹೆಚ್ಚುಕಡಿಮೆ ಸೊಂಟದವರೆಗೆ ಬೆಳೆಯುತ್ತದೆ. ಬುಡದ ಕಡ್ಡಿಗಳು ಮುಷ್ಟಿಯಲ್ಲಿ ಹಿಡಿದು ಬಗ್ಗಿಸಲು ಆಗದಷ್ಟು ಗಟ್ಟಿ. ಅಲ್ಲಿನವರು ಇದನ್ನು ಬಿಗ್ ಗಯೆಟಾ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ಪ್ಲೂರಾಫಿಸ್ ರಿಜಿಡಾ. ಹಳೆಯ ಬರಹಗಳಲ್ಲಿ ಹಿಲೇರಿಯಾ ರಿಜಿಡಾ ಎಂದಿರುತ್ತದೆ.

ಮರುಭೂಮಿಯ ಬಗ್ಗೆ ಮಾತು ಬಂದಾಗ ಎಲ್ಲರ ಕಣ್ಣು ಕಳ್ಳಿಯ ಮೇಲೆ ಅಥವಾ ಜೋಶುವಾ ಮರದ ಮೇಲೆ. ಹುಲ್ಲನ್ನು ಕೇಳುವವರಿಲ್ಲ. ಆದರೆ ಅಲ್ಲಿನ ಮಣ್ಣು ಹಾರಿಹೋಗದಂತೆ ಹಿಡಿದಿಟ್ಟಿರುವ ಗಿಡಗಳಲ್ಲಿ ಇದು ಮುಖ್ಯವಾದದ್ದು. ಕಳ್ಳಿಯ ಎಳೆ ಮೊಳಕೆಗೆ ನೆರಳು ಕೊಡುವುದೂ ಇದೇ. ಅಲ್ಲಿ ಈಗ ನಡೆಯುತ್ತಿರುವ ಬೆಂಕಿಯ ಕಥೆ ಅರ್ಥವಾಗಬೇಕಾದರೆ ಮೊದಲು ಈ ಹುಲ್ಲಿನ ಬಗ್ಗೆ ತಿಳಿಯಬೇಕು.

ಮೊಹಾವಿಯ ಬಹಳಷ್ಟು ಜಾಗಗಳಲ್ಲಿ ವರ್ಷಕ್ಕೆ 100ರಿಂದ 150 ಮಿಲಿಮೀಟರ್ ಮಳೆ. ನಮ್ಮ ಚಳ್ಳಕೆರೆ ಕಡೆ ಬೀಳುವ ಮಳೆಯ ಅರ್ಧವೂ ಇಲ್ಲ. ಅದೂ ಹೆಚ್ಚಾಗಿ ಚಳಿಗಾಲದಲ್ಲಿ. ಈ ಹುಲ್ಲಿಗೆ ಬೇಕಿರುವುದು ಬಿಸಿ, ಮಳೆ ಎರಡೂ ಒಟ್ಟಿಗೆ. ಅಂಥ ದಿನಗಳು ವರ್ಷಕ್ಕೆ ಕೆಲವೇ. ಹಾಗಾಗಿ ಸಿಕ್ಕ ದಿನಗಳನ್ನು ಇದು ಒಂದಿಷ್ಟೂ ಬಿಡದೆ ಬಳಸಿಕೊಳ್ಳುತ್ತದೆ. ಹೇಗೆ ಅಂತ ನೋಡೋಣ.

ಸಾಮಾನ್ಯ ಗಿಡಗಳ ಎಲೆಯಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹಿಡಿಯುವ ಕಿಣ್ವ ಬಿಸಿಲು ಏರಿದಂತೆ ತಪ್ಪು ಮಾಡತೊಡಗುತ್ತದೆ. ಇಂಗಾಲದ ಬದಲು ಆಮ್ಲಜನಕವನ್ನು ಹಿಡಿದು ಶಕ್ತಿ ಪೋಲು ಮಾಡುತ್ತದೆ. ರಾಗಿ, ಜೋಳ, ಕಬ್ಬು ಈ ತೊಂದರೆಗೆ ದಾರಿ ಕಂಡುಕೊಂಡಿವೆ. ಅವು ಎಲೆಯ ಹೊರಗಿನ ಕೋಶಗಳಲ್ಲಿ ಇಂಗಾಲವನ್ನು ಹಿಡಿದು ಒಳಗಿನ ಕೋಶಗಳಿಗೆ ತುಂಬುತ್ತವೆ. ಅಲ್ಲಿ ಅದರ ಸಾಂದ್ರತೆ ಎಷ್ಟು ಏರುತ್ತದೆ ಎಂದರೆ ಕಿಣ್ವ ತಪ್ಪುವುದು ಬಹಳ ಕಮ್ಮಿಯಾಗುತ್ತದೆ. ಎಲೆಯ ರಂಧ್ರಗಳನ್ನು ಪೂರ್ತಿ ತೆರೆದಿಡುವ ಅಗತ್ಯವೂ ಇಲ್ಲ, ನೀರು ಉಳಿಯುತ್ತದೆ. ಇದನ್ನು ಸಿ-4 ದಾರಿ ಎನ್ನುತ್ತಾರೆ. ಬಿಗ್ ಗಯೆಟಾ ಕೂಡ ಇದೇ ದಾರಿ ಹಿಡಿದ ಹುಲ್ಲು. ಸಸ್ಯ ವಿಜ್ಞಾನಿ ಪಾರ್ಕ್ ನೊಬೆಲ್ 1980ರಲ್ಲಿ ಇದರ ಎಲೆಗಳು ಇಂಗಾಲ ಹಿಡಿಯುವ ವೇಗವನ್ನು ಅಳೆದರು. ಅಲ್ಲಿಯವರೆಗೆ ಯಾವುದೇ ಗಿಡದಲ್ಲಿ ದಾಖಲಾಗಿದ್ದ ಅತಿ ಹೆಚ್ಚಿನ ದರಗಳ ಸಾಲಿಗೆ ಅದು ಸೇರಿತು. ನೀರು ಹಾಯಿಸಿ ಗೊಬ್ಬರ ಕೊಟ್ಟು ಬೆಳೆಸುವ ಕಬ್ಬಲ್ಲ, ಕಲ್ಲು ಮರಳಿನ ನಡುವೆ ತಾನಾಗಿ ಬೆಳೆದ ಹುಲ್ಲು! ನನಗೆ ಈ ಹುಲ್ಲಿನ ಮೇಲೆ ಆಸೆ ಹುಟ್ಟಿಸಿದ್ದೇ ಈ ಸಂಗತಿ.

ನೊಬೆಲ್ ಮತ್ತು ಅವರ ಜೊತೆಗಾರರು ದಕ್ಷಿಣ ಕ್ಯಾಲಿಫೋರ್ನಿಯಾದ ಡೀಪ್ ಕ್ಯಾನಿಯನ್ ಸಂಶೋಧನಾ ಕೇಂದ್ರದ ಒಂದು ಗುಡ್ಡದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಅಲ್ಲಿ ಕತ್ತಾಳೆ ಜಾತಿಯ ಅಗಾವೆ ಡೆಸರ್ಟಿ ಎಂಬ ಗಿಡವಿದೆ. ಅದರ ಸಣ್ಣ ಸಸಿಗಳನ್ನು ಹುಡುಕುತ್ತಾ ಹೋದರೆ ಬಯಲಲ್ಲಿ ಸಿಗುವುದೇ ಇಲ್ಲ. ಸಿಗುವುದೆಲ್ಲ ಈ ಹುಲ್ಲಿನ ಬುಡದಲ್ಲಿ. ಕಾರಣ ಶಾಖ. ಬೇಸಿಗೆಯಲ್ಲಿ ಅಲ್ಲಿನ ಬಯಲು ಮಣ್ಣಿನ ಮೇಲ್ಮೈ 70 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬೆರಳುದ್ದದ ಸಸಿ ಆ ಮಣ್ಣಿಗೇ ಅಂಟಿಕೊಂಡಿರುತ್ತದೆ, ಬೆಂದು ಸಾಯುತ್ತದೆ. ಹುಲ್ಲಿನ ನೆರಳಲ್ಲಿ ಶಾಖ ಸುಮಾರು 10 ಡಿಗ್ರಿ ಇಳಿಯುತ್ತದೆ. ಬದುಕು ಸಾವಿನ ನಡುವಿನ ಅಂತರ ಅಷ್ಟೇ. ಹುಲ್ಲಿನ ಬುಡದ ಮಣ್ಣಿನಲ್ಲಿ ಸಾರಜನಕವೂ ಜಾಸ್ತಿ.

ಆದರೆ ಇದು ಬರೀ ತಾಯ್ತನದ ಕಥೆಯಲ್ಲ. ಹುಲ್ಲಿನ ಬೇರುಗಳೂ ಸಸಿಯ ಬೇರುಗಳೂ ಇರುವುದು ಮಣ್ಣಿನ ಮೇಲಿನ ಪದರದಲ್ಲೇ. ಬಿದ್ದ ಮಳೆಯನ್ನು ಹುಲ್ಲು ಮೊದಲು ಕುಡಿಯುತ್ತದೆ. ನೆರಳಿನಿಂದ ಸಸಿಗೆ ಬೆಳಕೂ ಕಮ್ಮಿ. ಹಾಗಾಗಿ ಹುಲ್ಲಿನಡಿಯ ಸಸಿ ನಿಧಾನ ಬೆಳೆಯುತ್ತದೆ. ಆದರೆ ಬೆಳೆಯುತ್ತದೆ, ಬಯಲಿನದು ಬದುಕುವುದೇ ಇಲ್ಲ. ನೊಬೆಲ್ ಅವರ ತಂಡ ಈ ಲಾಭ ನಷ್ಟಗಳನ್ನು ಒಂದೊಂದಾಗಿ ಅಳೆದು ತೂಗಿದ ರೀತಿ ನನಗೆ ಬಹಳ ಇಷ್ಟ. ಗಿಡಗಳ ನಡುವಿನ ಸಂಬಂಧವನ್ನು ಸ್ನೇಹ ಅಥವಾ ದ್ವೇಷ ಅಂತ ಒಂದೇ ಮಾತಿನಲ್ಲಿ ಮುಗಿಸಲು ಅವರು ಹೋಗಲಿಲ್ಲ.

ಈಗ ಮೇವಿನ ವಿಷಯಕ್ಕೆ ಬರೋಣ. ಹಸಿರಾಗಿದ್ದಾಗ ದನ, ಕುದುರೆ, ಮರುಭೂಮಿಯ ದೊಡ್ಡಕೊಂಬಿನ ಕಾಡುಕುರಿ, ಆಮೆ ಎಲ್ಲವೂ ಈ ಹುಲ್ಲನ್ನು ತಿನ್ನುತ್ತವೆ. ಒಣಗಿದರೆ ಒರಟು, ಆದರೂ ಬೇರೇನೂ ಇಲ್ಲದಾಗ ದನ ಅದಕ್ಕೇ ಬಾಯಿ ಹಾಕುತ್ತದೆ. 19ನೇ ಶತಮಾನದ ಕೊನೆಗೆ ಪೂರ್ವ ಮೊಹಾವಿಯಲ್ಲಿ ದೊಡ್ಡ ದನದ ಕಂಪನಿಗಳು ಬಂದವು. 1894ರಲ್ಲಿ ಶುರುವಾದ ರಾಕ್ ಸ್ಪ್ರಿಂಗ್ಸ್ ಲ್ಯಾಂಡ್ ಅಂಡ್ ಕ್ಯಾಟಲ್ ಕಂಪನಿ ಅವುಗಳಲ್ಲಿ ಹೆಸರಾದದ್ದು. ಸರ್ಕಾರಿ ಭೂಮಿಯಲ್ಲಿ ಮೇಯಿಸುವುದಕ್ಕೆ ಅಮೆರಿಕ ನಿಯಮ ತಂದದ್ದು 1934ರಲ್ಲಿ. ಅಲ್ಲಿಯವರೆಗೆ ಮೊದಲು ಹೋದವರ ದನಕ್ಕೆ ಮೇವು.

ನಮ್ಮ ಗರಿಕೆಯನ್ನು ನೆನಪಿಸಿಕೊಳ್ಳಿ. ಮೇಲೆ ಎಷ್ಟು ಮೇಯ್ದರೂ ನೆಲಕ್ಕಂಟಿದ ಗೆಣ್ಣುಗಳಿಂದ ಮತ್ತೆ ಬರುತ್ತದೆ. ಬಿಗ್ ಗಯೆಟಾಗೂ ನೆಲದಡಿ ದಪ್ಪನೆಯ ಕಾಂಡಗಳಿವೆ, ಅಲ್ಲಿಂದ ಹೊಸ ತೆಂಡೆ ಒಡೆಯುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಇದರ ಮೊಗ್ಗುಗಳು ನೆಲದಡಿ ಮಾತ್ರ ಇಲ್ಲ. ಸತ್ತಂತೆ ಕಾಣುವ ಹಳೆಯ ಕಡ್ಡಿಗಳ ಗೆಣ್ಣುಗಳಲ್ಲೂ ಜೀವ ಇರುತ್ತದೆ. ಬೇಸಿಗೆಯ ಮಳೆ ಬಿದ್ದರೆ ಅವೇ ಗೆಣ್ಣುಗಳಿಂದ ಎಲೆ ಬೇಗ ಹೊರಡುತ್ತವೆ. ಬುಡದಿಂದ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಿಲ್ಲ. ಒಣಗಿದ ಕಡ್ಡಿಯಲ್ಲಿ ಏನಿದೆ ಮಹಾ ಅಂತ ದನ ಬಿಟ್ಟು ಗಿಡವನ್ನು ಬುಡದವರೆಗೆ ಮೇಯಿಸಿದರೆ ಆ ಮೊಗ್ಗುಗಳು ಹೋದವು. ಮುಂದಿನ ಮಳೆಗೆ ಗಿಡ ನೆಲದಡಿಯ ಸಂಗ್ರಹವನ್ನು ಖರ್ಚು ಮಾಡಬೇಕು. ಒಂದು ಸಲವಾದರೆ ಪರವಾಗಿಲ್ಲ. ಬರಗಾಲದಲ್ಲಿ ವರ್ಷ ವರ್ಷವೂ ಹೀಗೇ ಆದರೆ ಗಿಡ ಸೊರಗುತ್ತದೆ, ಕೊನೆಗೆ ಸಾಯುತ್ತದೆ.

ಬೆಂಕಿಯಲ್ಲೂ ಲೆಕ್ಕ ಇದೇ. ಬೆಂಕಿ ಹಾಯ್ದರೆ ಮೇಲಿನದೆಲ್ಲ ಬೂದಿ. ನೆಲದಡಿಯ ಕಾಂಡ ಮಣ್ಣಿನ ರಕ್ಷಣೆಯಲ್ಲಿ ಉಳಿಯುತ್ತದೆ. ನೆಲದಲ್ಲಿ ಪಸೆ ಇದ್ದರೆ ಮತ್ತೆ ಚಿಗುರುತ್ತದೆ. ಕ್ರಿಯೋಸೋಟ್ ಎಂಬ ಪೊದೆ ಅದೇ ಮರುಭೂಮಿಯಲ್ಲಿ ಸಾವಿರಾರು ವರ್ಷ ಬಾಳಬಲ್ಲದು, ಆದರೆ ಸುಟ್ಟರೆ ಬಹಳಷ್ಟು ಸಲ ಎದ್ದೇಳುವುದಿಲ್ಲ. ಹುಲ್ಲು ಏಳುತ್ತದೆ. ಹಾಗಂತ ಎಲ್ಲ ತೆಂಡೆಗಳೂ ಏಳುವುದಿಲ್ಲ. ತುಂಬಾ ಹಳೆಯ ಗುತ್ತಿಯಲ್ಲಿ ಸತ್ತ ಕಡ್ಡಿ ಜಾಸ್ತಿ ಸೇರಿರುತ್ತದೆ. ಅದು ನಿಧಾನವಾಗಿ, ಬಹಳ ಹೊತ್ತು ಉರಿಯುತ್ತದೆ. ಆಗ ಬುಡವೇ ಬೆಂದುಹೋಗಬಹುದು.

ಇದರ ಹತ್ತಿರದ ಸಂಬಂಧಿ ಟೊಬೋಸಾ ಹುಲ್ಲು ಟೆಕ್ಸಸ್, ನ್ಯೂ ಮೆಕ್ಸಿಕೊ ಕಡೆ ಇದೆ. ಅಲ್ಲಿ ಸಂಶೋಧಕರು ಬೇಕೆಂದೇ ಬೆಂಕಿ ಹಾಕಿ ನೋಡಿದ್ದಾರೆ. ಮಳೆ ಚೆನ್ನಾಗಿರುವ ವರ್ಷ ಸುಟ್ಟರೆ ಹಳೆಯ ಒಣಹುಲ್ಲು ಹೋಗಿ ಹೊಸ ಮೇವು ಹೆಚ್ಚಾಗಿ ಬಂತು. ಬರದ ವರ್ಷ ಸುಟ್ಟರೆ ಇಳುವರಿ ಕುಸಿಯಿತು. ಅದೇ ಹುಲ್ಲು, ಅದೇ ಬೆಂಕಿ. ಹಾಗಾಗಿ ಬೆಂಕಿ ಹುಲ್ಲಿಗೆ ಒಳ್ಳೆಯದೋ ಕೆಟ್ಟದ್ದೋ ಅಂತ ಯಾರಾದರೂ ಕೇಳಿದರೆ, ಆಮೇಲೆ ಮಳೆ ಬಂತಾ ಅಂತ ತಿರುಗಿ ಕೇಳಬೇಕು.

ಮೊಹಾವಿಯಲ್ಲಿ ಹಿಂದೆ ಈ ಪ್ರಶ್ನೆ ಅಷ್ಟಾಗಿ ಏಳುತ್ತಲೇ ಇರಲಿಲ್ಲ. ಸಿಡಿಲು ಬಿದ್ದು ಒಂದು ಗಿಡ ಹೊತ್ತಿಕೊಂಡರೂ ಪಕ್ಕದ ಗಿಡದವರೆಗೆ ಬರೀ ಮಣ್ಣು. ಬೆಂಕಿ ಅಲ್ಲೇ ಆರುತ್ತಿತ್ತು. ಆ ಖಾಲಿ ಜಾಗವೇ ಮರುಭೂಮಿಯ ರಕ್ಷಣೆ. ಅದನ್ನು ಈಗ ರೆಡ್ ಬ್ರೋಮ್ ಎಂಬ ಹುಲ್ಲು ತುಂಬಿದೆ. ಮೆಡಿಟರೇನಿಯನ್ ಸಮುದ್ರದ ಸುತ್ತಿನ ದೇಶಗಳದ್ದು, 19ನೇ ಶತಮಾನದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂತು. ಚಳಿಗಾಲದ ಮಳೆಗೆ ಮೊಳೆತು, ವಸಂತ ಮುಗಿಯುವ ಹೊತ್ತಿಗೆ ಬೀಜ ಉದುರಿಸಿ ಸಾಯುತ್ತದೆ. ಒಣಗಿದ ಕಡ್ಡಿ ಮಾತ್ರ ಕೊಳೆಯದೆ ನಿಂತಿರುತ್ತದೆ, ಬೇಸಿಗೆಯ ಸಿಡಿಲಿಗೆ ಸಿದ್ಧವಾಗಿ. ಲಾಸ್ ಏಂಜಲಿಸ್ ಸುತ್ತಿನ ವಾಹನಗಳ ಹೊಗೆ ಗಾಳಿಯಲ್ಲಿ ತೇಲಿಬಂದು ಮರುಭೂಮಿಯ ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಆ ಪುಕ್ಕಟೆ ಗೊಬ್ಬರದ ಹೆಚ್ಚಿನ ಪಾಲು ಬೇಗ ಬೆಳೆಯುವ ಬ್ರೋಮ್‌ಗೇ.

2004-05ರ ಚಳಿಗಾಲದಲ್ಲಿ ಜೋರು ಮಳೆಯಾಯಿತು. 2005ರ ಬೇಸಿಗೆಯಲ್ಲಿ ದಕ್ಷಿಣ ನೆವಾಡಾದ ಸುತ್ತಮುತ್ತ 7 ಲಕ್ಷ ಎಕರೆಗೂ ಹೆಚ್ಚು ಸುಟ್ಟಿತು. 2020ರ ಆಗಸ್ಟ್‌ನಲ್ಲಿ ಮೊಹಾವಿ ರಾಷ್ಟ್ರೀಯ ಸಂರಕ್ಷಿತ ಪ್ರದೇಶದ ಸೀಮಾ ಡೋಮ್‌ನಲ್ಲಿ ಸಿಡಿಲಿನಿಂದ ಹತ್ತಿದ ಬೆಂಕಿ 43,000 ಎಕರೆ ದಾಟಿತು. ಸತ್ತ ಜೋಶುವಾ ಮರಗಳ ಅಂದಾಜು ಸಂಖ್ಯೆ 13 ಲಕ್ಷ. 2023ರ ಜುಲೈ ಕೊನೆಯಲ್ಲಿ ಅದೇ ಸಂರಕ್ಷಿತ ಪ್ರದೇಶದ ಯಾರ್ಕ್ ಬೆಂಕಿ ಸುಮಾರು 93,000 ಎಕರೆಗೆ ಹಬ್ಬಿ ನೆವಾಡಾದ ಗಡಿ ದಾಟಿತು.

ಸೀಮಾ ಡೋಮ್ ಸುಟ್ಟ ಮೇಲೆ ಒಂದು ವಾದ ಎದ್ದಿತು. 2000ದ ಆಸುಪಾಸಿನಲ್ಲಿ ಅಲ್ಲಿಂದ ದನಗಳನ್ನು ತೆಗೆದರು, ಹುಲ್ಲು ತಿನ್ನುವವರಿಲ್ಲದೆ ಉರುವಲು ಬೆಳೆಯಿತು ಅಂತ. ಕೇಳಲು ಸರಿಯೆನಿಸುತ್ತದೆ, ಪೂರ್ತಿ ಸುಳ್ಳೂ ಅಲ್ಲ. ತಿಂದಷ್ಟು ಹುಲ್ಲು ಉರಿಯುವುದಿಲ್ಲ ತಾನೆ? ಆದರೆ ದನ ಬ್ರೋಮ್ ತಿನ್ನುವುದು ಅದು ಹಸಿರಾಗಿರುವ ಕೆಲವೇ ವಾರ. ಒಣಗಿ ಚುಚ್ಚತೊಡಗಿದ ಮೇಲೆ ಅದನ್ನು ಬಿಟ್ಟು ಗಯೆಟಾದಂಥ ಬಹುವಾರ್ಷಿಕ ಹುಲ್ಲಿಗೆ ಹೋಗುತ್ತದೆ. ಗೊರಸಿನಡಿ ಮಣ್ಣಿನ ಮೇಲ್ಪದರ ಒಡೆಯುತ್ತದೆ. ಪಾಚಿ, ಕಲ್ಲುಹೂವು, ಸೂಕ್ಷ್ಮಜೀವಿಗಳು ಸೇರಿ ಕಟ್ಟಿದ ಆ ಪದರ ಒಡೆದಲ್ಲಿ ಬ್ರೋಮ್ ಬೀಜಕ್ಕೆ ಜಾಗ ಸಿಗುತ್ತದೆ. ನಮಗೆ ಬೇಕಾದ ಹುಲ್ಲು ಸೊರಗಿ, ಬೇಡದ ಹುಲ್ಲು ಉಳಿಯುತ್ತದೆ. ಮೊಹಾವಿಯ ಮರುಭೂಮಿ ಆಮೆ 1990ರಿಂದ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ, ಅದಕ್ಕೂ ಇದೇ ಮೇವು ಬೇಕು. ಬೆಂಕಿ ತಡೆಯಲೆಂದು ದನ ಬಿಡುವುದು ಈ ಮರುಭೂಮಿಗೆ ಹೊಂದುವ ಮದ್ದಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹುಲ್ಲು ಕೆಟ್ಟದ್ದು ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಥಾರ್ ಮರುಭೂಮಿಯಲ್ಲಿ ಧಾಮನ್ ಅಂತ ಒಂದು ಹುಲ್ಲಿದೆ, ಅಲ್ಲಿಯದೇ, ದನ ಕುರಿಗಳಿಗೆ ಒಳ್ಳೆಯ ಮೇವು. ಅದೇ ಜಾತಿಯ ಹುಲ್ಲನ್ನು ಆಫ್ರಿಕಾದಿಂದ ತಂದು ಅಮೆರಿಕದ ನೈಋತ್ಯದಲ್ಲಿ ಮೇವಿಗಾಗಿ ಬಿತ್ತಿದರು. ಅಲ್ಲಿ ಬಫೆಲ್ ಎಂಬ ಹೆಸರಿನಲ್ಲಿ ಅರಿಜೋನಾದ ಗುಡ್ಡಗಳನ್ನು ಹತ್ತಿ, ಬೆಂಕಿ ಗೊತ್ತೇ ಇಲ್ಲದ ದೈತ್ಯ ಸಗ್ವಾರೊ ಕಳ್ಳಿಗಳ ಬುಡಕ್ಕೆ ಬೆಂಕಿ ತಲುಪಿಸುತ್ತಿದೆ.

ಬಿಗ್ ಗಯೆಟಾ ಒಂದು ಬೆಂಕಿಯನ್ನು ತಾಳಿಕೊಳ್ಳುತ್ತದೆ. ಹತ್ತಾರು ವರ್ಷ ಬಿಡುವು ಸಿಕ್ಕರೆ ಎರಡನೆಯದನ್ನೂ ತಾಳಿಕೊಳ್ಳುತ್ತದೆ. ತೊಂದರೆ ಇರುವುದು ಬಿಡುವಿನಲ್ಲಿ. ಸುಟ್ಟ ಜಾಗಕ್ಕೆ ಕೆಲವೇ ವರ್ಷಗಳಲ್ಲಿ ಬ್ರೋಮ್ ಮರಳಿ ಬರುತ್ತದೆ, ಮತ್ತೆ ಉರಿಯಲು ಸಿದ್ಧವಾಗುತ್ತದೆ. ಹುಲ್ಲಿನ ನೆಲದಡಿಯ ಸಂಗ್ರಹ ಅಷ್ಟರಲ್ಲಿ ತುಂಬಿರುವುದಿಲ್ಲ. ಚಿಗುರಿದ ಎಳೆ ಹುಲ್ಲನ್ನು ಮೊದಲ ವರ್ಷವೇ ಮೇಯಿಸಿದರಂತೂ ಇನ್ನೂ ಕಷ್ಟ. ಸುಟ್ಟ ಜಾಗಕ್ಕೆ ಕೆಲವು ವರ್ಷ ದನ ಬಿಡಬಾರದು ಎಂಬ ನಿಯಮ ಇರುವುದು ಇದಕ್ಕೇ.

ಬ್ರೋಮ್‌ಗೂ ಒಂದು ದೌರ್ಬಲ್ಯವಿದೆ. ಅದರ ಬೀಜ ಮಣ್ಣಿನಲ್ಲಿ ಬಹಳ ವರ್ಷ ಬದುಕುವುದಿಲ್ಲ. ಮೊಳೆತು ಬೀಜ ಕಟ್ಟುವ ಮೊದಲೇ ಬರ ಬಂದರೆ ಅದರ ಸಂಖ್ಯೆ ದಿಢೀರ್ ಕುಸಿಯುತ್ತದೆ. ಬಿಸಿಯಾದ ಬೆಂಕಿಯೂ ಮೇಲಿನ ಬೀಜವನ್ನು ಕೊಲ್ಲುತ್ತದೆ. ಆಗ ಒಂದೆರಡು ವರ್ಷ ಜಾಗ ಖಾಲಿ. ಸ್ಥಳೀಯ ಹುಲ್ಲು, ಪೊದೆಗಳನ್ನು ಬಿತ್ತಲು, ನೆಡಲು, ಉಳಿದ ಬ್ರೋಮ್ ಕಿತ್ತುಹಾಕಲು ಅದೇ ಹದವಾದ ಸಮಯ. ಯಾರ್ಕ್ ಬೆಂಕಿ ಹತ್ತಿ ಒಂದು ತಿಂಗಳೂ ಕಳೆದಿರಲಿಲ್ಲ, ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಮಳೆ ಮೊಹಾವಿಗೆ ಬಂತು. ಬಿಸಿ ಮಣ್ಣು, ಬೇಸಿಗೆಯ ಮಳೆ: ನೆಲದಡಿ ಕಾಂಡ ಉಳಿದಿದ್ದ ಗಯೆಟಾಗೆ ಇದಕ್ಕಿಂತ ಒಳ್ಳೆಯ ಹಂಗಾಮು ಇಲ್ಲ. ಬ್ರೋಮ್ ಮೊಳೆಯುವುದು ಚಳಿಗಾಲದ ಮಳೆಗೆ. ಬೆಂಕಿಯ ನಂತರ ಮೊದಲು ಬೀಳುವುದು ಯಾವ ಮಳೆ ಎನ್ನುವುದರ ಮೇಲೆ ಆ ಜಾಗ ಯಾವ ಹುಲ್ಲಿನ ಪಾಲಾಗುತ್ತದೆ ಎನ್ನುವುದೂ ನಿಂತಿರುತ್ತದೆ.